ಚಟ ಮೊದಲೋ, ಕಳವು ಮೊದಲೋ? ಶನಿವಾರದ ಸಾಲಿ ಸಭೆಗೆ ಮುಂಚೆ ತಿಳಿದವರು ಹೇಳ್ರಿ

ಉಣಕಲ್_ಏರಿ
ಎಲ್ಲಾರಿಗೂ ನಮಸ್ಕಾರ. ಹುಬ್ಬಳ್ಳಿಯ ಒಂದು ಸರಕಾರಿ ಪ್ರೌಢಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ಬರೋ ಶನಿವಾರ ಅದ. ಒಂಬತ್ತನೇತ್ತಾದ ಮೂರು ಹುಡುಗ್ರ ಬ್ಯಾಗಿನಾಗ ಮಾವಾ (ಅಡಿಕಿ-ತಂಬಾಕು ಬೆರಸಿದ್ದು) ಪುಡಿಕೆ ಸಿಕ್ಕಾವ, ಒಬ್ಬನ ಕಡೆ ಪಂಕ್ಚರ್ ಸಲ್ಯೂಷನ್ ಟ್ಯೂಬು. ಅದೇ ವಾರ ಕಂಪ್ಯೂಟರ್ ಕೋಣಿಯಿಂದ ಯುಪಿಎಸ್ ಬ್ಯಾಟರಿ ಎರಡು ಕಳುವಾಗ್ಯಾವ. ಸಭೆಗೆ ಬಂದಿರೋ ಸಲಹೆ ನಾಲ್ಕು: ಮೂವರಿಗೂ ಟಿಸಿ ಕೊಡೋದು; ಪೊಲೀಸರನ್ನ ಕರಸಿ ಪ್ರಾರ್ಥನಾ ವ್ಯಾಳ್ಯಾದಾಗ ಎಲ್ಲಾರ ಮುಂದ ಬೈಸೋದು; ದೊಡ್ಡ ಹುಡುಗ್ರನ್ನ ಜೈಲಿಗೆ ಕರಕೊಂಡು ಹೋಗಿ ತೋರಿಸೋದು; ಎಲ್ಲಾರಿಗೂ ಮೂತ್ರ ಪರೀಕ್ಷೆ ಮಾಡಸೋದು. "ಚಟ ಹತ್ತಿದ ಮ್ಯಾಲ ಕಳವು ತಾನ ಬರ್ತದ" ಅನ್ನೋದು ಎಲ್ಲಾರ ಬಾಯಾಗಿನ ಮಾತು. ಇದು ಎಷ್ಟರ ಮಟ್ಟಿಗೆ ಖರೆ? ಈ ನಾಲ್ಕರಾಗ ಯಾವುದು ಉಪಯೋಗ, ಯಾವುದು ಹಾನಿ?

ಗಿರ್ಮಿಟ್_ಮಿರ್ಚಿ
ಬ್ಯಾಗಿನಾಗ ಮಾವಾ ಸಿಕ್ಕಿದ್ದು ಒಂದು, ಬ್ಯಾಟರಿ ಹೋಗಿದ್ದು ಇನ್ನೊಂದು. ಎರಡಕ್ಕೂ ಗಂಟು ಹಾಕಾಕ ಸಾಕ್ಷಿ ಏನೈತಿ?

ಉಣಕಲ್_ಏರಿ
ಸಾಕ್ಷಿ ಇಲ್ಲ. "ಅವರೇ ಇರಬೇಕು" ಅನ್ನೋ ಮಾತು ಅಷ್ಟೇ.

ಹಳೇಹುಬ್ಬಳ್ಳಿ_ಅಣ್ಣ
ಸಾಕ್ಷಿ ಅಂತ ಕುಂತರ ಸಾಲಿ ಉಳಿಯಂಗಿಲ್ಲ. ಚಟಕ್ಕ ರೊಕ್ಕ ಬೇಕು, ರೊಕ್ಕ ಇಲ್ಲಂದ್ರ ಕೈ ಕಳವಿಗೆ ಹೊಕ್ಕೈತಿ. ಇದರಾಗ ತಿಳಿಲಾರದ್ದು ಏನೈತಿ? ಮೂವರಿಗೆ ಟಿಸಿ ಕೊಟ್ರ ಉಳಿದ ಮಕ್ಳು ಉಳೀತಾವ.

ಸಪ್ತಾಪುರ_ಸಲಹೆ
ಅಣ್ಣಾರ, ನೀವು ಹೇಳಿದ್ದು ಒಂದು ದಾರಿ, ಅದು ಖರೆನೂ ಅದ. ಆದ್ರ ದಾರಿ ಅದೊಂದೇ ಅಲ್ಲ. ನಶೆಗೂ ಹಿಂಸೆಗೂ ಇರೋ ನಂಟನ್ನ 1985ರಾಗ ಪಾಲ್ ಗೋಲ್ಡ್‌ಸ್ಟೀನ್ ಅನ್ನೋ ಅಮೆರಿಕದ ಸಂಶೋಧಕ ಮೂರು ಎಳಿಯಾಗಿ ಬಿಡಿಸಿ ಇಟ್ಟ. ಒಂದು, ನಶೆ ತಲಿಗೆ ಏರಿದಾಗ ಇಲ್ಲಾ ಇಳಿಯೋವಾಗ ಆಗೋ ಅನಾಹುತ. ಎರಡು, ನಶೆಗೆ ರೊಕ್ಕ ಹೊಂದಸಾಕ ಮಾಡೋ ಕಳವು, ಸುಲಿಗಿ. ಮೂರು, ದಂಧೆದವರ ನಂಟಿನಿಂದ ಬರೋ ಜಗಳ, ಸಾಲ, ಬೆದರಿಕಿ.

ಈ ಮೂರು ಎಳಿ ಎಲ್ಲಾ ವಸ್ತುವಿಗೂ ಒಂದೇ ಥರ ಹತ್ತೂದಿಲ್ಲ. ಮಾವಾ, ಗುಟ್ಕಾ ತಿಂದು ಯಾವ ಹುಡುಗನೂ ಮಂದಿ ಮ್ಯಾಲ ಕೈ ಎತ್ತೂದಿಲ್ಲ, ಅದರ ಖರ್ಚು ಮನ್ಯಾಗ ಕೊಡೋ ಚಿಲ್ಲರದಾಗ ಹೊಂದ್ತದ. ದಾರೂ ಹಂಗಲ್ಲ, ಅದು ಒಂದನೇ ಎಳಿ: ಮೆರವಣಿಗಿ, ಡಿಜೆ, ಜಾತ್ರಿ ರಾತ್ರಿ ಆಗೋ ಹೊಡೆದಾಟ. ನಿದ್ದಿ ಗುಳಿಗಿ ಇನ್ನೂ ಕೆಟ್ಟದ್ದು. ಅಂಜಿಕಿ ಹೋಗ್ತದ, ಮಾಡಿದ್ದು ಮರುದಿನ ನೆನಪಿರೂದಿಲ್ಲ. ಹುಡುಗ "ನನಗ ಗೊತ್ತಿಲ್ಲ" ಅಂದ್ರ ಸುಳ್ಳೇ ಹೇಳ್ತಾನ ಅಂತ ತಿಳಿಬ್ಯಾಡ್ರಿ. ಗಾಂಜಾ ಬಿಟ್ಟ ಮೊದಲ ಒಂದು ವಾರ ಸಿಟ್ಟು, ನಿದ್ದಿಗೇಡು ಜಾಸ್ತಿ. ಮನ್ಯಾಗ ಅವ್ವನ ಜೋಡಿ ಜಗಳ ಆಗೋದು ಬಹಳ ಸಲ ಸೇದಿದಾಗ ಅಲ್ಲ, ಸಿಗದೇ ಇದ್ದಾಗ.

ಇವು ಮೂರಕ್ಕಿಂತ ದೊಡ್ಡದು ನಾಲ್ಕನೇದು: ಚಟ ಮತ್ತು ಕಳವು ಎರಡಕ್ಕೂ ಬೇರು ಒಂದೇ ಇರಬಹುದು. ಮನ್ಯಾಗ ಕುಡಿತ, ಹೊಡತ. ಓದಾಕ ಬರಲಾರದೆ ತರಗತಿಯಾಗ ಹಿಂದ ಬಿದ್ದದ್ದು. ಒಂದು ಕಡೆ ಕುಂಡ್ರಾಕ ಆಗದ ಚಡಪಡಿಕಿ, ಅಂದ್ರ ಎಡಿಎಚ್‌ಡಿ. ಸಂಜಿ ನಾಲ್ಕರಿಂದ ಎಂಟರ ತನಕ ಕೇಳೋರು ಇಲ್ಲದಿರೋದು. ಈ ಬೇರು ಇದ್ದಲ್ಲಿ ಎರಡೂ ಒಟ್ಟಿಗೆ ಬರ್ತಾವ, ಒಂದರಿಂದ ಇನ್ನೊಂದು ಅಂತಲ್ಲ. ಬಹಳಷ್ಟು ಹುಡುಗ್ರು ಸಣ್ಣ ಕಳವು ಶುರು ಮಾಡಿರೋದು ಚಟಕ್ಕಿಂತ ಮೊದಲು.

ಹಳೇಹುಬ್ಬಳ್ಳಿ_ಅಣ್ಣ
ಬೇರು ಹುಡುಕೋದ್ರಾಗ ಹುಡುಗ ಹಾಳಾಗಿ ಹೋಗಿರ್ತಾನ್ರಿ.

ಸಪ್ತಾಪುರ_ಸಲಹೆ
ಎಲ್ಲಾರೂ ಹಾಳಾಗೂದಿಲ್ಲ, ಅದನ್ನೂ ಕೇಳ್ರಿ. ಟೆರ್ರಿ ಮಾಫಿಟ್ 1993ರಾಗ ಎರಡು ಗುಂಪು ಗುರುತಿಸಿದ್ರು. ಹದಿಹರೆಯದಾಗ ಶುರು ಆಗಿ ಇಪ್ಪತ್ತರ ಮುಂದ ತಾನ ನಿಲ್ಲೋದು ದೊಡ್ಡ ಗುಂಪು. ಐದಾರು ವರ್ಷದಿಂದಲೇ ಜಗಳ, ಸುಳ್ಳು, ಕಳವು ನಡಸಿಕೊಂಡು ಬಂದವರದು ಸಣ್ಣ ಗುಂಪು. ಮೊದಲನೇ ಗುಂಪಿನ ಹುಡುಗ ದಾರಿ ತಪ್ಪಿ ಅಲ್ಲೇ ಉಳಿಯೋದು ಯಾವಾಗ ಅಂದ್ರ, ವಾಪಸ್ ಬರೋ ಬಾಗಿಲು ಮುಚ್ಚಿದಾಗ. ಸಾಲಿ ಬಿಡಿಸಿದ್ದು, ಕೇಸು ಆಗಿದ್ದು, ಚಟ ಗಟ್ಟಿಯಾಗಿದ್ದು, ಇವು ಆ ಬಾಗಿಲು ಮುಚ್ಚೋ ಚಿಲಕ. ಟಿಸಿ ಅಂದ್ರ ನೀವೇ ಚಿಲಕ ಹಾಕಿದಂಗ.

ವರದಾ_ಮೇಷ್ಟ್ರು
ಟಿಸಿ ಕೊಡೋದಕ್ಕ ಆರ್‌ಟಿಇ ಕಾಯ್ದೆಯಾಗೇ ಅವಕಾಶ ಇಲ್ಲಲ್ಲ?

ಕಟ್ಟಿ_ವಕೀಲ
ಅದು ಎಂಟನೇ ತರಗತಿ ಮುಗಿಯುವವರೆಗೆ ಮಾತ್ರ, ಸರ. ಕಲಂ 16 ಹೇಳುವುದು ಪ್ರಾಥಮಿಕ ಶಿಕ್ಷಣದ ಬಗ್ಗೆ. ಒಂಬತ್ತನೇ ತರಗತಿಯವರಿಗೆ ಆ ರಕ್ಷಣೆ ನೇರವಾಗಿ ಸಿಗುವುದಿಲ್ಲ. ಹಾಗಂತ ಟಿಸಿ ಕೊಡಲೇಬೇಕು ಅಂತಲೂ ಎಲ್ಲೂ ಇಲ್ಲ.

ಬ್ಯಾಟರಿ ವಿಷಯಕ್ಕೆ ಬರೋಣ. ಕಳವಾಗಿದ್ದರೆ ಠಾಣೆಗೆ ದೂರು ಕೊಡಿ, ಹುಡುಗರ ಹೆಸರು ಬರೆಯಬೇಡಿ. ಸಾಕ್ಷಿ ಇಲ್ಲದೆ ಹೆಸರು ಬರೆದರೆ ನಾಳೆ ತೊಂದರೆ ನಿಮಗೇ. ತನಿಖೆಯಲ್ಲಿ 18 ತುಂಬದವರು ಅಂತ ಗೊತ್ತಾದರೆ ಬಾಲನ್ಯಾಯ ಕಾಯ್ದೆ 2015 ಅನ್ವಯ ಆಗುತ್ತದೆ. 2016ರ ಮಾದರಿ ನಿಯಮಗಳ ಪ್ರಕಾರ ಘೋರ ಅಪರಾಧ, ಅಂದರೆ ಕನಿಷ್ಠ ಶಿಕ್ಷೆಯೇ 7 ವರ್ಷ ಇರುವಂಥದ್ದು, ಇಲ್ಲಾ ದೊಡ್ಡವರ ಜೊತೆ ಸೇರಿ ಮಾಡಿದ್ದು ಬಿಟ್ಟರೆ ಮಗುವಿನ ಮೇಲೆ ಎಫ್‌ಐಆರ್ ಹಾಕುವಂತಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದು, ಜೊತೆಗೆ ಸಾಮಾಜಿಕ ಹಿನ್ನೆಲೆ ವರದಿ ಸೇರಿಸಿ ಬಾಲನ್ಯಾಯ ಮಂಡಳಿಗೆ ಕಳಿಸಬೇಕು. ಮಗುವನ್ನು ಹಿಡಿದರೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಂಡಳಿ ಮುಂದೆ ಹಾಜರುಪಡಿಸಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ, ಕೋಳ ಹಾಕುವಂತಿಲ್ಲ. ವಿಚಾರಿಸುವವರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ.

ಇನ್ನೊಂದು ಮಾತು. ಈಗಾಗಲೇ ಆ ಹುಡುಗರ ಫೋಟೋ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿದ್ದರೆ ಇವತ್ತೇ ತೆಗೆಸಿ. ಮಂಡಳಿ ಮುಂದೆ ವಿಚಾರಣೆಗೆ ಬಂದ ಮಗುವಿನ ಗುರುತು ಹೊರಗೆ ಬಿಡುವುದು ಕಲಂ 74ರ ಪ್ರಕಾರ ಶಿಕ್ಷಾರ್ಹ. ಅದು ಪತ್ರಿಕೆಗಷ್ಟೇ ಅಲ್ಲ, ಬೇರೆ ಸಂವಹನ ಮಾಧ್ಯಮಕ್ಕೂ ಅನ್ವಯ.

ಬೆಟಗೇರಿ_ಮಗ್ಗ
ಬ್ಯಾಟರಿ ಯಾರು ಕೊಂಡ್ರು ಅನ್ನೋದನ್ನ ಯಾರೂ ಕೇಳವಲ್ರು. ಯುಪಿಎಸ್ ಬ್ಯಾಟರಿನ ಹುಡುಗ್ರು ಮನ್ಯಾಗ ಇಟ್ಕೊಂಡು ಏನು ಮಾಡ್ತಾರ? ಅದು ಗುಜರಿಗೇ ಹೋಗಬೇಕು, ಒಳಗಿನ ಸೀಸಕ್ಕ ಬೆಲಿ ಐತಿ. ಹದಿನಾಲ್ಕರ ಹುಡುಗ ತಂದ ಬ್ಯಾಟರಿನ ತೂಕ ಮಾಡಿ ರೊಕ್ಕ ಕೊಡೋ ದೊಡ್ಡ ಮನಷಾ ಇರೋ ತನಕ ಕಳವು ನಿಂದರೂದಿಲ್ಲ.

ಕಟ್ಟಿ_ವಕೀಲ
ನೂರಕ್ಕೆ ನೂರು ಖರೆ. ಕಳವಿನ ಮಾಲು ಅಂತ ಗೊತ್ತಿದ್ದು ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 317. ಮಕ್ಕಳನ್ನೇ ಮುಂದೆ ಬಿಟ್ಟು ಅಕ್ರಮ ಕೆಲಸ ಮಾಡಿಸುವವರಿಗೆ ಬಾಲನ್ಯಾಯ ಕಾಯ್ದೆ ಕಲಂ 83ರಲ್ಲಿ 7 ವರ್ಷದವರೆಗೆ ಕಠಿಣ ಸಜೆ, 5 ಲಕ್ಷ ದಂಡ. ಮಗುವಿಗೆ ದಾರೂ, ತಂಬಾಕು, ನಶೆ ಪದಾರ್ಥ ಕೊಟ್ಟವರಿಗೆ ಕಲಂ 77. ಮಾರಲು, ಸಾಗಿಸಲು ಮಗುವನ್ನು ಬಳಸಿದವರಿಗೆ ಕಲಂ 78. ಎರಡರಲ್ಲೂ 7 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. ದೂರಿನಲ್ಲಿ ಈ ಕಲಂಗಳನ್ನು ನೀವೇ ಬರೆಯಿರಿ. ಬರೆಯದಿದ್ದರೆ ವಿಷಯ ಗುಟ್ಕಾ ಮಾರಿದ 200 ರೂಪಾಯಿ ದಂಡದಲ್ಲಿ ಮುಗಿದುಹೋಗುತ್ತದೆ.

ಕೆಂಪುಬ್ಯಾಡಗಿ
ಆ 200 ಹಳೇ ಮಾತಾತಲ್ರಿ. ಕರ್ನಾಟಕದ ತಿದ್ದುಪಡಿ ಬಂದು ದಂಡ 1,000ಕ್ಕ ಏರೇದ, ವಯಸ್ಸು 18 ಹೋಗಿ 21 ಆಗೇದ.

ಕಟ್ಟಿ_ವಕೀಲ
ಸರಿಯಾಗಿ ಹಿಡಿದಿರಿ. 2025ರಿಂದ ಜಾರಿಯಲ್ಲಿದೆ, ಹುಕ್ಕಾ ಬಾರ್ ನಿಷೇಧವೂ ಅದರಲ್ಲೇ ಬಂತು. ನಾನು ಕೇಂದ್ರದ 2003ರ ತಂಬಾಕು ಕಾಯ್ದೆಯ ಲೆಕ್ಕ ಹೇಳಿದೆ. ಕಲಂ 77ರ ಮಾತು ಮಾತ್ರ ಹಾಗೇ ನಿಲ್ಲುತ್ತದೆ.

ನವನಗರ_ದೀಪ
ಎಲ್ಲಾರೂ ಕಾಯ್ದೆ ಹಿಡಕೊಂಡು ಕುಂತೀರಿ. ಆ ಸಲ್ಯೂಷನ್ ಟ್ಯೂಬಿನ ಬಗ್ಗೆ ಯಾರೂ ಮಾತಾಡವಲ್ರಿ. ಮೂವರಾಗ ಜೀವಕ್ಕ ಅಪಾಯ ಇರೋದು ಅವನಿಗೆ!

ಪಂಕ್ಚರ್ ಸಲ್ಯೂಷನ್, ಥಿನ್ನರ್, ವೈಟ್ನರ್ ಒಳಗ ಟಾಲ್ವೀನ್‌ನಂಥ ದ್ರಾವಕ ಇರ್ತಾವ. ಅಗ್ಗ, ಎಲ್ಲಿ ಬೇಕಾದಲ್ಲಿ ಸಿಗ್ತದ, ಯಾರೂ ಕೇಳೂದಿಲ್ಲ. 2019ರಾಗ ಏಮ್ಸ್ ಮಾಡಿದ ರಾಷ್ಟ್ರೀಯ ಸಮೀಕ್ಷೆಯಾಗ ದೊಡ್ಡವರಿಗಿಂತ ಮಕ್ಕಳಾಗ ಹೆಚ್ಚು ಕಂಡ ನಶೆ ಇದೊಂದೇ: 10ರಿಂದ 17 ವಯಸ್ಸಿನವರಾಗ ಶೇ 1.17, ದೊಡ್ಡವರಾಗ ಶೇ 0.58.

ಗುರುತು ಹಿಡಿಯೋದು ಹಿಂಗ. ಬಟ್ಟಿಗೆ, ಉಸಿರಿಗೆ ಬಣ್ಣದ ವಾಸನಿ. ಮೂಗು-ಬಾಯಿ ಸುತ್ತ ಕೆಂಪು ಗುಳ್ಳಿ ಇಲ್ಲಾ ಒಣಗಿ ಒಡದ ಚರ್ಮ. ಕಿಸೆದಾಗ ಅಂಟು ಮೆತ್ತಿದ ಕರವಸ್ತ್ರ, ಪ್ಲಾಸ್ಟಿಕ್ ಚೀಲ. ನಶೆ ಇಳಿಯೋದು ಅರ್ಧ ತಾಸಿನೊಳಗ, ಅದಕ್ಕ ಮನಿ ಮಂದಿಗೆ ಸಿಕ್ಕಿ ಬೀಳೂದಿಲ್ಲ.

ಸಿಕ್ಕ ಕ್ಷಣದಾಗ ಏನು ಮಾಡಬಾರದು ಅನ್ನೋದು ಇನ್ನೂ ಮುಖ್ಯ. ಚೀರಬ್ಯಾಡ್ರಿ, ಬೆನ್ನ ಹತ್ತಿ ಓಡಿಸಬ್ಯಾಡ್ರಿ, ಹೊಡಿಬ್ಯಾಡ್ರಿ. ದ್ರಾವಕ ಹೃದಯದ ಬಡಿತವನ್ನ ಹದಗೆಡಿಸಿರ್ತದ. ಆಗ ಒಮ್ಮೆಲೆ ಗಾಬರಿಯಾದ್ರ, ಓಡಿದ್ರ ಬಡಿತ ತಾಳ ತಪ್ಪಿ ಅಲ್ಲೇ ಜೀವ ಹೋಗಬಹುದು. ಮೊದಲನೇ ಸಲ ಸೇದಿದವನಿಗೂ ಆಗಬಹುದು. ಗಾಳಿ ಬರೋ ಜಾಗಾದಾಗ ಕುಂಡ್ರಿಸಿ, ಮೆಲ್ಲಗ ಮಾತಾಡಿಸ್ರಿ. ಹತ್ತಿರ ಬೆಂಕಿ, ಬೀಡಿ ಬ್ಯಾಡ. ಮಂಪರು ಇದ್ರ ಪಕ್ಕಕ್ಕ ಮಲಗಿಸಿ 108ಕ್ಕ ಫೋನ್ ಮಾಡ್ರಿ.

ಉಣಕಲ್_ಏರಿ
ಇದು ಯಾರಿಗೂ ಗೊತ್ತಿರಲಿಲ್ಲ ಮೇಡಂ. ಪಿಟಿ ಮೇಷ್ಟ್ರು ಅವನನ್ನ ಮೈದಾನದ ತುಂಬ ಓಡಿಸಿ ಹಿಡದಿದ್ರು.

ನವನಗರ_ದೀಪ
ಅವರಿಗೆ ಇವತ್ತೇ ತಿಳಿಸ್ರಿ. ಬೈಯೋದು ಬ್ಯಾಡ, ಅವರಿಗೂ ಗೊತ್ತಿರೂದಿಲ್ಲ.

ಗಿರ್ಮಿಟ್_ಮಿರ್ಚಿ
ಹಂಗಾದ್ರ ಮೂತ್ರ ಪರೀಕ್ಷೆ ಮಾಡೋದು ಛಲೋ ಅಲ್ಲೇನ್ರಿ? ಯಾರ್ಯಾರು ಅಂತ ಗೊತ್ತಾಗತೈತಿ.

ಗುಳಿಗಿ_ಲೆಕ್ಕ_ಗದಗ
ಇಲ್ಲ. ಅಂಗಡಿಯಾಗ ಸಿಗೋ ಐದು ಪಟ್ಟಿಯ ಕಿಟ್ ಗಾಂಜಾ, ಅಫೀಮಿನ ಜಾತಿ ಇಂಥ ಕೆಲವನ್ನಷ್ಟೇ ಹಿಡೀತದ. ತಂಬಾಕು ಹಿಡಿಯಂಗಿಲ್ಲ. ಸಲ್ಯೂಷನ್ ಹಿಡಿಯಂಗಿಲ್ಲ. ಅಂದ್ರ ನಿಮ್ಮ ಸಾಲ್ಯಾಗ ಸಿಕ್ಕ ಎರಡೂ ವಸ್ತು ಆ ಪರೀಕ್ಷೆಗೆ ಕಾಣೂದೇ ಇಲ್ಲ. ಗಾಂಜಾ ಒಮ್ಮೆ ಸೇದಿದವನಿಗೆ ಸುಮಾರು ಮೂರು ದಿನ ತೋರಿಸ್ತದ, ದಿನಾ ಸೇದೋನಿಗೆ ಬಿಟ್ಟು ತಿಂಗಳಾದ್ರೂ ತೋರಿಸಬಹುದು. ಮೂರು ವಾರದಿಂದ ಬಿಟ್ಟು ಒದ್ದಾಡ್ಲಿಕ್ಕೆ ಹತ್ತಿದ ಹುಡುಗನಿಗೆ "ನೀ ಇನ್ನೂ ಸೇದ್ತಿ" ಅಂದ್ರ ಅವನ ಗತಿ ಏನು? ಕೋಡಿನ್ ಇರೋ ಕೆಮ್ಮಿನ ಔಷಧ ಡಾಕ್ಟರ್ ಚೀಟಿ ಮ್ಯಾಲೇ ಕುಡದವನಿಗೂ ಅಫೀಮಿನ ಪಟ್ಟಿ ಪಾಸಿಟಿವ್ ಬರ್ತದ.

ಗುಳಿಗಿ ವಿಷಯ ಬಂತು ಅಂತ ಹೇಳ್ತೇನಿ. ಟ್ರಮಡಾಲ್, ನೈಟ್ರಜೆಪಾಮ್, ಅಲ್‌ಪ್ರಜೋಲಾಮ್ ಇವೆಲ್ಲಾ ಶೆಡ್ಯೂಲ್ ಎಚ್1. ಚೀಟಿ ಇಲ್ಲದ ಮಾರಂಗಿಲ್ಲ. ಡಾಕ್ಟರ್ ಹೆಸರು ವಿಳಾಸ, ರೋಗಿ ಹೆಸರು, ಔಷಧ, ಎಷ್ಟು ಕೊಟ್ಟೆವು ಅನ್ನೋದನ್ನ ಬ್ಯಾರೆ ರಿಜಿಸ್ಟರಿನಾಗ ಬರದು ಮೂರು ವರ್ಷ ಇಡಬೇಕು. ಹುಡುಗನ ಕಡೆ ಖಾಲಿ ಪಟ್ಟಿ ಸಿಕ್ರ ಬೀಸಾಡಬ್ಯಾಡ್ರಿ. ಹಿಂದಿನ ಬ್ಯಾಚ್ ನಂಬರಿನ ಫೋಟೋ ತಗೊಂಡು ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಲಿಖಿತ ದೂರು ಕೊಡ್ರಿ. ಬ್ಯಾಚ್ ನಂಬರಿನಿಂದ ಆ ಮಾಲು ಯಾವ ಸಗಟು ಅಂಗಡಿಗೆ ಹೋಗಿತ್ತು ಅನ್ನೋದು ಹಿಂದ ಹಿಂದ ಹುಡುಕಬಹುದು. ಪಟ್ಟಿ ಅರ್ಧಕ್ಕ ಕತ್ತರಿಸಿ ಮಾರಿದ್ರ ಬ್ಯಾಚ್ ಇರೋ ತುದಿ ಹೋಗಿಬಿಟ್ಟಿರ್ತದ.

ಇನ್ನೊಂದು. ನಿದ್ದಿ ಗುಳಿಗಿ ತಿಂಗಳುಗಟ್ಟಲೆ ತಿಂದವನಿಗೆ ಒಮ್ಮೆಲೆ ಬಿಡಿಸಬಾರದು, ಫಿಟ್ಸ್ ಬರ್ತಾವ. ಡಾಕ್ಟರ್ ಕಡೆ ಹೋಗಿ ಪ್ರಮಾಣ ಇಳಿಸಿಕೋತ ಬರಬೇಕು.

ವರದಾ_ಮೇಷ್ಟ್ರು
ಪರೀಕ್ಷೆಗಿಂತ ಹಾಜರಿ ಪುಸ್ತಕ ಛಲೋ ಸಾಕ್ಷಿ. ಮೂರು ತಿಂಗಳದ್ದು ತೆಗೆದು ಯಾವ ಯಾವ ವಾರ ಗೈರು ಅಂತ ನೋಡ್ರಿ. ಬ್ಯಾಡಗಿ ಸುತ್ತಿನ ಊರುಗಳಾಗ ಸುಗ್ಗಿ ಕಾಲಕ್ಕ ಸೋಮವಾರ, ಗುರುವಾರ ಗೈರು ಅಂದ್ರ ಅದು ಮೆಣಸಿನಕಾಯಿ ಮಾರ್ಕೆಟ್ಟಿನ ಕೂಲಿ, ಚಟ ಅಲ್ಲ. ಆದ್ರ ಕೂಲಿ ರೊಕ್ಕ ಕೈಗೆ ಬಂದ ಮರುದಿನನೂ ಗೈರು ಇದ್ರ ಆ ರೊಕ್ಕ ಎಲ್ಲಿಗೆ ಹೋಗ್ತದ ಅಂತ ಕೇಳಬೇಕು. ಊಟದ ಗಂಟಿ ಆದ ಮ್ಯಾಲ ಮಾಯ ಆಗೋ ಹುಡುಗ ಬ್ಯಾರೆ, ದಿನಾ ಮೊದಲ ಪೀರಿಯಡ್ಡಿಗೆ ತಡ ಆಗೋನು ಬ್ಯಾರೆ. ತಡ ಆಗೋನಿಗೆ ಮನ್ಯಾಗ ರಾತ್ರಿ ಜಗಳ ಇರಬಹುದು, ಫೋನ್ ಇರಬಹುದು.

ಇದರ ಜೋಡಿ ಇನ್ನೊಂದು ಮಾಡ್ರಿ. ಆ ಮೂವರನ್ನ ಒಬ್ಬೊಬ್ಬರನ್ನಾಗಿ ಕರದು, ಐದನೇತ್ತಾ ಕನ್ನಡ ಪುಸ್ತಕದ ಒಂದು ಪುಟ ಓದಸ್ರಿ. ತಡವರಿಸಿದ್ರ ನಿಮ್ಮ ಉತ್ತರದ ಅರ್ಧ ಅಲ್ಲೇ ಸಿಕ್ತು. ಒಂಬತ್ತನೇತ್ತಾದಾಗ ಆರು ತಾಸು ಏನೂ ತಿಳಿಯದೇ ಕುಂಡ್ರೋ ಹುಡುಗ ಮಾವಾ ತಿನ್ನದೇ ಇನ್ನೇನು ಮಾಡ್ಯಾನು?

ಹಳೇಹುಬ್ಬಳ್ಳಿ_ಅಣ್ಣ
ಮೇಷ್ಟ್ರ, ಓದಾಕ ಬರಲಾರದವರೆಲ್ಲಾ ಮಾವಾ ತಿಂತಾರೇನು? ಹಿಂಗ ಒಂದೊಂದಕ್ಕೂ ಕಾರಣ ಕೊಟ್ಟು ಕೊಟ್ಟೇ ಹುಡುಗ್ರು ಕೆಟ್ಟಿದ್ದು. ಜೈಲು ಒಮ್ಮೆ ತೋರಿಸಿದ್ರ ಎದಿ ನಡಗತೈತಿ, ಬುದ್ಧಿ ಬರತೈತಿ.

ಸಪ್ತಾಪುರ_ಸಲಹೆ
ಅಣ್ಣಾರ, ಈ ಒಂದು ವಿಷಯದಾಗ ಊಹೆ ಬ್ಯಾಡ, ಮಾಡಿ ನೋಡ್ಯಾರ. ಅಮೆರಿಕದ ನ್ಯೂಜೆರ್ಸಿಯ ಒಂದು ಜೈಲಿನಾಗ 1970ರ ದಶಕದಾಗ ಶುರು ಆಗಿತ್ತು, ಕೈದಿಗಳ ಕಡೆಯಿಂದ ಹುಡುಗ್ರಿಗೆ ಚೀರಿ ಹೆದರಿಸೋದು. ಬ್ಯಾರೆ ಬ್ಯಾರೆ ರಾಜ್ಯದಾಗ ಚೀಟಿ ಎತ್ತಿದಂಗ ಎರಡು ಗುಂಪು ಮಾಡಿ, ಒಂದನ್ನ ಕಳಿಸಿ ಒಂದನ್ನ ಬಿಟ್ಟು ಹೋಲಿಸಿ ನೋಡಿದ್ರು. ಎಲ್ಲಾ ಪ್ರಯೋಗ ಒಟ್ಟು ಹಾಕಿದಾಗ ಜೈಲು ನೋಡಿ ಬಂದವರೇ ಮುಂದ ಹೆಚ್ಚು ತಪ್ಪು ಮಾಡಿದ್ರು. ಏನೂ ಮಾಡದೇ ಬಿಟ್ಟಿದ್ರೂ ಅದಕ್ಕಿಂತ ಛಲೋ ಇರ್ತಿತ್ತು.

ಹಂಗ ಇನ್ನೊಂದು: ಇಂಥ ಹುಡುಗ್ರನ್ನಷ್ಟೇ ಆರಿಸಿ ಒಂದು ಕೋಣ್ಯಾಗ ಕುಂಡ್ರಿಸಿ "ಗುಂಪು ಸಲಹೆ" ಕೊಡೋದು. ಅದೂ ಉಲ್ಟಾ ಹೊಡೀತದ, ಡಿಷನ್ ಮತ್ತವರ ಜೊತೆಗಾರರು 1999ರಾಗ ಇದನ್ನ ತೋರಿಸಿಕೊಟ್ರು. ಒಬ್ಬನು ಮಾಡಿದ ಪರಾಕ್ರಮ ಹೇಳ್ತಾನ, ಉಳಿದವರು ನಗ್ತಾರ, ಆ ನಗುನೇ ಬಹುಮಾನ ಆಗ್ತದ. ಮೂವರನ್ನೂ ಬ್ಯಾರೆ ಬ್ಯಾರೆ ಹಿಡೀರಿ. ಸಂಜಿ ಕಬಡ್ಡಿ, ಖೋಖೋ ಗುಂಪಿನಾಗ ಒಬ್ಬೊಬ್ಬನನ್ನ ಹತ್ತು ಮಂದಿ ಛಲೋ ಹುಡುಗ್ರ ನಡುವೆ ಸೇರಸ್ರಿ.

ಹಳೇಹುಬ್ಬಳ್ಳಿ_ಅಣ್ಣ
ಗುಂಪಿನ ಮಾತು ಒಪ್ಪತೀನಿ. ಅದು ಕಣ್ಣಿಗೆ ಕಾಣೋದೇ ಐತಿ.

ಕೆಂಪುಬ್ಯಾಡಗಿ
ಧಾರವಾಡದ ಹಳೇ ಗರಡಿಮನಿಗಳನ್ನ ಮತ್ತ ತೆರದ್ರ ಅರ್ಧ ಸಮಸ್ಯೆ ಕಡಿಮಿ ಆಗ್ತದ ಅಂತ ನನ್ನ ಮಾತು. ಉಸ್ತಾದ ಒಬ್ಬ ಇದ್ರ ಸಂಜಿ ಎರಡು ತಾಸು ಕೆಂಪು ಮಣ್ಣಿನಾಗ ಹೋಗ್ತಾವ. ತಂಬಾಕು ತಿಂದವನಿಗೆ ದಮ್ಮು ಸಾಲೂದಿಲ್ಲ, ತಾನ ಗೊತ್ತಾಗ್ತದ.

ಬೆಟಗೇರಿ_ಮಗ್ಗ
ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗಿ ಹಿಡಕೊಂಡು ಮನಿಮನಿಗೆ ಹೋಗಿ "ನಿಮ್ಮ ಚಟ ಭಿಕ್ಷಾ ಹಾಕ್ರಿ" ಅಂತಿದ್ರು. ಅವರ ಜನ್ಮದಿನ ಆಗಸ್ಟ್ 1ನ್ನೇ ಈಗ ಸರಕಾರ ವ್ಯಸನಮುಕ್ತ ದಿನ ಅಂತ ಆಚರಿಸೋದು. ಅದರಾಗ ಒಂದು ಕಲಿಯೋದೈತಿ. ಬೈಲಿಲ್ಲ, ಹೆದರಿಸಲಿಲ್ಲ, ಮನಿ ಬಾಗಿಲಿಗೆ ತಾವೇ ಹೋದ್ರು. ಆ ಮೂವರ ಮನಿಗೆ ಸಭೆಯವರು ಯಾರಾದ್ರೂ ಹೋಗೀರೇನು?

ಉಣಕಲ್_ಏರಿ
ಇಲ್ಲ. ಪಾಲಕರನ್ನ ಸಾಲಿಗೆ ಕರಸಿದ್ದೆವು, ಇಬ್ಬರು ಬರಲಿಲ್ಲ.

ದುರ್ಗದಬೈಲ್_ಚಿಲ್ಲರೆ
ಎಲ್ಲಾರೂ ತಿನ್ನೋ ಸೇದೋ ಚಟದ ಬೆನ್ನ ಹತ್ತೀರಿ. ಈಗ ಹುಡುಗ್ರು ಬೀಳೋದು ಫೋನಿನಾಗ. ಐಪಿಎಲ್ ಬೆಟ್ಟಿಂಗ್, ಬಣ್ಣ ಊಹಿಸೋ ಆಟ, ವಿಮಾನ ಹಾರಿಸೋ ಆಟ. 2025ರ ಆಗಸ್ಟಿನಾಗ ಕೇಂದ್ರದ ಕಾಯ್ದೆ ಬಂದು ರೊಕ್ಕ ಹಚ್ಚಿ ಆಡೋ ಆನ್‌ಲೈನ್ ಆಟ ಎಲ್ಲಾ ನಿಷೇಧ ಆದವು. ಹೆಸರಿದ್ದ ಕಂಪನಿಗಳು ಬಂದ್ ಮಾಡಿದವು. ಟೆಲಿಗ್ರಾಂ ಮ್ಯಾಲ ಬರೋ ಹೊರದೇಶದ ಲಿಂಕು ಮತ್ತ ಓಣ್ಯಾಗಿನ ಓಸಿ (ಮಟ್ಕಾ) ಏಜೆಂಟು ಉಳಕೊಂಡ್ರು.

ಇಲ್ಲಿ ಕಳವಿನ ದಾರಿ ಬಹಳ ಸಣ್ಣದು, ನೋಡ್ರಿ. ಮೊದಲು ಗೆಲ್ಲಸ್ತಾರ. ಆಮ್ಯಾಲ ಸೋತ ರೊಕ್ಕ ತಿರುಗಿ ಪಡಿಯೋ ಹಟ. ಅವ್ವನ ಫೋನಿನ ಯುಪಿಐ ಪಿನ್, ಆಮ್ಯಾಲ ಗೆಳ್ಯಾರ ಕಡೆ ಸಾಲ, ಆಮ್ಯಾಲ ಮನ್ಯಾಗಿನ ಬಂಗಾರ. ಕಡೀಗೆ ಏಜೆಂಟ ಹೇಳ್ತಾನ, "ರೊಕ್ಕ ಬ್ಯಾಡ ಬಿಡು, ನಿನ್ನ ಹೆಸರಿನ ಬ್ಯಾಂಕ್ ಖಾತೆ, ಎಟಿಎಂ ಕಾರ್ಡು, ಸಿಮ್ ಕೊಡು". ಅಲ್ಲಿಗೆ ಹುಡುಗ ಬರೀ ಆಟಗಾರ ಅಲ್ಲ. ಯಾವುದೋ ಊರಿನವರಿಗೆ ಮೋಸ ಮಾಡಿದ ರೊಕ್ಕ ಅವನ ಖಾತೆ ಮ್ಯಾಲ ಹಾದು ಹೋಗ್ತದ. ಅವರು 1930ಕ್ಕ ದೂರು ಕೊಟ್ಟ ಕೂಡಲೇ ಖಾತೆ ಬಂದ್ ಆಗ್ತದ, ಪೊಲೀಸರು ಹುಡಕೋದು ಖಾತೆ ಹೆಸರಿನವನನ್ನ. ಪಿಯುಸಿ, ಡಿಗ್ರಿ ಮೊದಲನೇ ವರ್ಷದ ಹುಡುಗ್ರು ಇದರಾಗ ಸಿಗೋದು ಹೆಚ್ಚು.

ಮನಿಯವರು ನೋಡಬೇಕಾದ್ದು: ಖಾತೆಗೆ ಗೊತ್ತಿಲ್ಲದ ಹೆಸರಿನಿಂದ ರೊಕ್ಕ ಬಂದು ಕೆಲವು ನಿಮಿಷದಾಗ ಹೊರಗ ಹೋಗಿರೋದು, ಎರಡನೇ ಸಿಮ್, ಹೊಸ ಖಾತೆಯ ಕಿಟ್ ಮನಿಗೆ ಬಂದು ಮಾಯ ಆಗಿರೋದು. ಕೊಟ್ಟುಬಿಟ್ಟಿದ್ರ ಅವತ್ತೇ ಬ್ಯಾಂಕಿಗೆ ಹೋಗಿ ಲಿಖಿತವಾಗಿ ಖಾತೆ ತಡೆಹಿಡಿಸಿ, ಸ್ವೀಕೃತಿ ಸಹಿ ತಗೋರಿ. ತಾರೀಖು ಇರೋ ಆ ಹಾಳಿ ಆಮ್ಯಾಲ ಬಹಳ ಕೆಲಸಕ್ಕ ಬರ್ತದ.

ಗಿರ್ಮಿಟ್_ಮಿರ್ಚಿ
ಆಡಿದ ಹುಡುಗನ ಮ್ಯಾಲ ಕೇಸು ಆಗತೈತೇನು?

ಕಟ್ಟಿ_ವಕೀಲ
2025ರ ಆ ಕಾಯ್ದೆಯಲ್ಲಿ ಶಿಕ್ಷೆ ಇರುವುದು ಆಡಿಸುವವರಿಗೆ, ಜಾಹೀರಾತು ಮಾಡುವವರಿಗೆ, ಹಣ ಸಾಗಿಸುವವರಿಗೆ. ಆಡಿದವರಿಗಲ್ಲ. ಓಸಿ ಬೇರೆ, ಅದು ಕರ್ನಾಟಕ ಪೊಲೀಸ್ ಕಾಯ್ದೆಯಡಿ ಬರುತ್ತದೆ. ಖಾತೆ ಬಾಡಿಗೆಗೆ ಕೊಟ್ಟರೆ ಹಣ ಸಾಗಿಸಿದ ಲೆಕ್ಕಕ್ಕೂ ಬರಬಹುದು, ವಂಚನೆಯ ಲೆಕ್ಕಕ್ಕೂ ಬರಬಹುದು.

ಬೈಕಿನ ವಿಷಯವೂ ಇದೇ ಜಾತಿ. ಕದ್ದ ಬೈಕು ಓಡಿಸಿ ಪೆಟ್ರೋಲ್ ಮುಗಿದಲ್ಲಿ ಬಿಟ್ಟು ಬರುವ ಹುಡುಗರಲ್ಲಿ ಎಷ್ಟೋ ಜನರಿಗೆ ಮೊದಲು ಕೀಲಿ ಕೊಟ್ಟವರು ಮನೆಯವರೇ. ಮೋಟಾರು ವಾಹನ ಕಾಯ್ದೆ ಕಲಂ 199ಎ ಪ್ರಕಾರ 18 ತುಂಬದವನು ಗಾಡಿ ಓಡಿಸಿ ಅಪರಾಧ ಮಾಡಿದರೆ ಪಾಲಕರಿಗೆ 25,000 ದಂಡ, ಮೂರು ವರ್ಷದವರೆಗೆ ಸಜೆ, ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ಪಾಲಕರ ಸಭೆಯಲ್ಲಿ ಇದನ್ನೂ ಹೇಳಿ.

ನವನಗರ_ದೀಪ
ಈಗ ಚಿಕಿತ್ಸೆ ಮಾತು. ಎಲ್ಲಿಗೆ ಕರಕೊಂಡು ಹೋಗಬೇಕು ಅಂತ ಶನಿವಾರ ಕೇಳೇ ಕೇಳ್ತಾರ.

ಧಾರವಾಡದಾಗ ಡಿಮ್ಹಾನ್ಸ್ (ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ) ಅದ, ಹುಬ್ಬಳ್ಳಿಯಾಗ ಕಿಮ್ಸ್‌ನ (ಈಗಿನ ಹೆಸರು ಕೆಎಂಸಿಆರ್‌ಐ) ಮನೋವೈದ್ಯ ವಿಭಾಗ, ಗದಗ ಮತ್ತ ಹಾವೇರಿಯವರಿಗೆ ಅಲ್ಲಿನ ವೈದ್ಯಕೀಯ ಕಾಲೇಜಿನ ಆಸ್ಪತ್ರಿ. ತಾಲೂಕು ಆಸ್ಪತ್ರಿಗೆ ಮನೋಚೈತನ್ಯ ಕಾರ್ಯಕ್ರಮದಾಗ ಮಂಗಳವಾರ ಮನೋವೈದ್ಯರು ಬರ್ತಾರ, ಹೋಗೋ ಮುಂಚೆ ಫೋನ್ ಮಾಡಿ ಕೇಳ್ರಿ. ಫೋನಿನಾಗೇ ಮಾತಾಡಬೇಕಂದ್ರ ಟೆಲಿಮಾನಸ್ 14416, ವ್ಯಸನಕ್ಕಂತನೇ 14446, ತಂಬಾಕಿಗೆ 1800-11-2356. ಮಗುವಿಗೆ ಮನ್ಯಾಗೇ ಅಪಾಯ ಇದ್ರ 1098.

ಬರೀ ಮಾವಾ ತಿನ್ನೋ ಇಬ್ಬರಿಗೆ ಆಸ್ಪತ್ರಿಗೆ ಸೇರಸೋ ಅಗತ್ಯ ಇಲ್ಲ. ಬಿಟ್ಟ ಮ್ಯಾಲ ಎರಡನೇ, ಮೂರನೇ ದಿನ ಬಹಳ ಕಷ್ಟ, ಎರಡು-ನಾಲ್ಕು ವಾರದಾಗ ಇಳೀತದ. ತಲುಬು ಒಂದೊಂದು ಸಲ ಬಂದಾಗ ಐದು-ಹತ್ತು ನಿಮಿಷ ಅಷ್ಟೇ ಇರ್ತದ. ನೀರು ಕುಡಿಯೋದು, ಬಾಯಾಗ ಲವಂಗ ಇಲ್ಲಾ ಬಡೇಸೋಪು, ಜಾಗಾ ಬಿಟ್ಟು ಏಳೋದು. ಅಡಿಕಿ ಮಾತ್ರ ಬ್ಯಾಡ, ಅದೇ ಬಾಯಿ ಬಿಗಿಯೋದು. ಅವರದೇ ಮೂರು ಬೆರಳು ಒಂದರ ಮ್ಯಾಲ ಒಂದು ಇಟ್ಟು ಬಾಯಾಗ ನಿಲ್ಲಸ್ಲಿಕ್ಕೆ ಹೇಳ್ರಿ. ಹಿಡೀಲಿಲ್ಲಂದ್ರ ದಂತವೈದ್ಯರ ಕಡೆ ಅದೇ ವಾರ ಕರಕೊಂಡು ಹೋಗ್ರಿ.

ಎರಡು ಎಚ್ಚರಿಕಿ. ಫೇಸ್‌ಬುಕ್ಕಿನಾಗ "ಗೊತ್ತಾಗದಂಗ ಊಟದಾಗ ಬೆರಸ್ರಿ, ಕುಡಿತ ಬಿಡ್ತಾನ" ಅಂತ ಬರೋ ಪುಡಿ ತರಬ್ಯಾಡ್ರಿ. ಅಂಥಾದ್ರಾಗ ಡೈಸಲ್ಫಿರಾಮ್ ಇದ್ದು, ಹುಡುಗ ಗೊತ್ತಿಲ್ಲದೇ ಕುಡದ್ರ ಬಿಪಿ ಕುಸೀತದ, ಜೀವಕ್ಕ ಬರ್ತದ. ಇನ್ನೊಂದು, ಆರು ತಿಂಗಳು ಬಾಗಿಲು ಹಾಕಿ ಇಟ್ಕೋತೀವಿ ಅನ್ನೋ ಖಾಸಗಿ ಕೇಂದ್ರಗಳು. ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ 2017ರ ಕಲಂ 87 ಹೇಳೋದು: 18ರ ಒಳಗಿನವರನ್ನ ಸೇರಸಬೇಕಂದ್ರ ಇಬ್ಬರು ಮನೋವೈದ್ಯರು, ಇಲ್ಲಾ ಒಬ್ಬ ಮನೋವೈದ್ಯರು ಜೋಡಿ ಇನ್ನೊಬ್ಬ ತಜ್ಞರು ಪರೀಕ್ಷಿಸಿರಬೇಕು, ದೊಡ್ಡವರಿಂದ ಬ್ಯಾರೆ ಇಡಬೇಕು, ಮನಿಯವರೊಬ್ಬರು ಇಲ್ಲಾ ಅವರು ನೇಮಿಸಿದವರು ಪೂರಾ ದಿನ ಜೋಡಿಗೆ ಇರಬೇಕು, 72 ತಾಸಿನೊಳಗ ಪರಿಶೀಲನಾ ಮಂಡಳಿಗೆ ತಿಳಿಸಬೇಕು. "ಪಾಲಕರು ತಿಂಗಳತನಕ ಭೇಟಿ ಮಾಡಂಗಿಲ್ಲ" ಅಂದಲ್ಲಿಂದ ಹುಡುಗನ ಕೈ ಹಿಡಕೊಂಡು ವಾಪಸ್ ಬರ್ರಿ.

ಬೆಟಗೇರಿ_ಮಗ್ಗ
ಗಾಂಜಾ ಸೇದೋ ಹುಡುಗನ್ನ ಆಸ್ಪತ್ರಿಗೆ ಕರಕೊಂಡು ಹೋದ್ರ ಪೊಲೀಸರಿಗೆ ತಿಳಸ್ತಾರ ಅಂತ ಮನಿ ಮಂದಿ ಅಂಜತಾರ.

ಕಟ್ಟಿ_ವಕೀಲ
ಅಂಜುವ ಕಾರಣ ಇಲ್ಲ. ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆ ಕಲಂ 64ಎ ನೋಡಿ. ಸೇವನೆಯ ಇಲ್ಲವೇ ಸಣ್ಣ ಪ್ರಮಾಣದ ಪ್ರಕರಣದಲ್ಲಿ ವ್ಯಸನಿ ತಾನಾಗಿ ಸರಕಾರಿ ಇಲ್ಲವೇ ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಪೂರ್ತಿ ಮುಗಿಸಬೇಕು, ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹಿಂದಕ್ಕೆ ಹೋಗಬಹುದು. ಪ್ರಕರಣ ಬಾಲನ್ಯಾಯ ಮಂಡಳಿಗೇ ಬಂದರೂ ಬಾಲನ್ಯಾಯ ಕಾಯ್ದೆ ಕಲಂ 18ರಡಿ ಶಾಲೆಗೆ ಹೋಗು, ವ್ಯಸನಮುಕ್ತಿ ಚಿಕಿತ್ಸೆ ತಗೋ ಅಂತ ಆದೇಶ ಮಾಡಲು ಅವಕಾಶ ಇದೆ. ಪರಿವೀಕ್ಷಣಾಧಿಕಾರಿ ಎರಡು ವಾರದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ಮುಖ್ಯೋಪಾಧ್ಯಾಯರು "ಈ ಹುಡುಗ ನಮ್ಮ ಶಾಲೆಯಲ್ಲೇ ಇದ್ದಾನೆ, ಹಾಜರಿ ಹೀಗಿದೆ" ಅಂತ ಒಂದು ಪತ್ರ ಕೊಟ್ಟರೆ ಆ ವರದಿಗೆ ತೂಕ ಬರುತ್ತದೆ. ಟಿಸಿ ಕೊಟ್ಟಿದ್ದರೆ ಆ ಪತ್ರ ಯಾರು ಕೊಡಬೇಕು?

ಸಪ್ತಾಪುರ_ಸಲಹೆ
ಮನಿಗೆ ಹೋದಾಗ ಏನು ಕೇಳಬೇಕು ಅನ್ನೋದನ್ನೂ ಹೇಳಿಬಿಡ್ತೇನಿ. ಕ್ರಾಫ್ಟ್ (CRAFFT) ಅಂತ ಆರು ಪ್ರಶ್ನೆಯ ಒಂದು ಪಟ್ಟಿ ಅದ, ಹದಿಹರೆಯದವರಿಗೇ ಮಾಡಿದ್ದು. ಕಳೆದ ಒಂದು ವರ್ಷದಾಗ: ನಶೆಯಲ್ಲಿದ್ದವರು ಓಡಿಸೋ ಗಾಡಿ ಹತ್ತಿಯೇನು, ನೀನೇ ಓಡಿಸಿಯೇನು? ಮನಸ್ಸು ಹಗುರಾಗಲಿ, ಗೆಳ್ಯಾರಾಗ ಒಂದಾಗಲಿ ಅಂತ ತಗೋತೀಯೇನು? ಒಬ್ಬನೇ ಇದ್ದಾಗ ತಗೋತೀಯೇನು? ತಗೊಂಡಾಗ ಮಾಡಿದ್ದು ಮರೀತದೇನು? ಮನಿಯವರು, ಗೆಳ್ಯಾರು ಕಡಿಮಿ ಮಾಡು ಅಂದಾರೇನು? ಅದರಿಂದ ಏನಾದ್ರೂ ತೊಂದ್ರಿಯಾಗ ಸಿಕ್ಕಿಯೇನು? ಎರಡಕ್ಕ ಹೌದು ಅಂದ್ರ ತಜ್ಞರ ಕಡೆ ಕಳಸಬೇಕು. ಅಪ್ಪನ ಮುಂದ ಕೇಳಬ್ಯಾಡ್ರಿ, ಖರೆ ಹೇಳೂದಿಲ್ಲ. ಮೂರನೇ ಪ್ರಶ್ನೆಗೆ ಹೌದು ಅಂದವನ ಮ್ಯಾಲ ನಿಗಾ ಹೆಚ್ಚಿರಲಿ. ಗೆಳ್ಯಾರ ಜೋಡಿ ತಿನ್ನೋದು ಬ್ಯಾರೆ, ಒಬ್ಬನೇ ಕುಂತು ತಗೊಳ್ಳೋದು ಬ್ಯಾರೆ.

ಉಣಕಲ್_ಏರಿ
ಸಭೆಯ ವಿಷಯಪಟ್ಟಿ ಬದಲು ಮಾಡೀನಿ. ಟಿಸಿ, ಜೈಲು, ಮೂತ್ರ ಪರೀಕ್ಷೆ ಮೂರೂ ತೆಗೆದೆ. ಸಲ್ಯೂಷನ್ ಹುಡುಗನನ್ನ ಸೋಮವಾರ ಕಿಮ್ಸ್‌ಗೆ ಕರಕೊಂಡು ಹೋಗೋದು, ಜೋಡಿಗೆ ವಿಜ್ಞಾನ ಮೇಡಂ ಬರ್ತಾರ. ಮೂರೂ ಮನಿಗೆ ಇಬ್ಬಿಬ್ಬರು ಹೋಗೋದು. ಬ್ಯಾಟರಿಗೆ ಹೆಸರಿಲ್ಲದ ದೂರು, ಗುಜರಿ ವಿಷಯ ಅದರಾಗ ಬರಿಯೋದು. ಓದಿಸಿ ನೋಡೋ ಕೆಲಸ ಕನ್ನಡ ಮೇಷ್ಟ್ರು ಇವತ್ತೇ ಮಾಡಿದ್ರು. ಒಬ್ಬನಿಗೆ ಎರಡನೇತ್ತಾ ಪುಸ್ತಕನೂ ಬರಲಿಲ್ಲ.

ವರದಾ_ಮೇಷ್ಟ್ರು
ಅವನಿಗೆ ದಿನಾ ಮುಂಜಾನೆ ಅರ್ಧ ತಾಸು ಬ್ಯಾರೆ ಕುಂಡ್ರಿಸಿ ಓದಿಸ್ರಿ. ತರಗತಿಯವರ ಮುಂದ ಮಾತ್ರ ಬ್ಯಾಡ.

ಹಳೇಹುಬ್ಬಳ್ಳಿ_ಅಣ್ಣ
ಬರಲಾರದ ಇಬ್ಬರು ಪಾಲಕರ ಮನಿಗೆ ನಾ ಬರ್ತೀನಿ, ಓಣಿ ಮಂದಿ ಮಾತು ಕೇಳ್ತಾರ. ಮತ್ತ ಆ ಮಾವಾ ಅಂಗಡಿ ಐತೆಲ್ಲ, ಅವ "ನಂದು ಗೇಟಿನಿಂದ ನೂರು ಗಜದ ಆಚೆ ಐತಿ" ಅಂತಾನ. ಹೆಂಗ ಅಳೀಬೇಕು?

ಕಟ್ಟಿ_ವಕೀಲ
ಗೇಟಿನಿಂದ ಅಲ್ಲ. ಕಂಪೌಂಡ್ ಗೋಡೆಯ ಹೊರಅಂಚಿನಿಂದ ಸುತ್ತಲೂ ನೇರ ಅಳತೆ, ರಸ್ತೆ ಸುತ್ತಿ ಹೋಗುವ ಅಳತೆಯಲ್ಲ. 100 ಗಜ ಅಂದರೆ 91 ಮೀಟರಿಗೆ ತುಸು ಮೇಲೆ. ಅವನ ಅಂಗಡಿಗೆ ಹತ್ತಿರದ ಗೋಡೆ ಮೂಲೆಯಿಂದ ಟೇಪು ಹಿಡಿಯಿರಿ, ಎರಡೂ ತುದಿಯ ಫೋಟೋ ಇರಲಿ.

ಹಳೇಹುಬ್ಬಳ್ಳಿ_ಅಣ್ಣ
ಹಿಂದಿನ ಗೋಡಿಯಿಂದ ಅಳದ್ರ ಮೂವತ್ತು ಮೀಟರೂ ಆಗಂಗಿಲ್ಲ. ನಾಳೆ ಮುಂಜಾನೆ ಎಂಟಕ್ಕ ಟೇಪು ತರ್ತೀನಿ, ನೀವು ಇನ್ನೊಂದು ತುದಿ ಹಿಡಿಯಾಕ ಬರ್ರಿ.